ಆರೋಗ್ಯ ಉದ್ಯಮ ಬೆಳೀತಾನೇ ಇದೆ, ಅಗ್ಗದ ಔಷಧಿ ಯಾಕೆ ಕೈಕೊಡ್ತಿದೆ?

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಅಸ್ವಸ್ಥರಾದರು. ಐವರು ತೀರಿಕೊಂಡರು. ಅನುಮಾನ ಹೋಗಿದ್ದು ಅವರಿಗೆ ಹಾಕಿದ್ದ ರಿಂಗರ್ಸ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಇದೇನು ದೊಡ್ಡ ಸಂಶೋಧನೆಯ ಔಷಧಿಯಲ್ಲ. ಶುದ್ಧ ನೀರಿಗೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಲವಣಗಳು ಮತ್ತು ಲ್ಯಾಕ್ಟೇಟ್ ಸೇರಿಸಿದ ದ್ರಾವಣ, ಅಷ್ಟೇ.

ಅದಕ್ಕೆ ಎರಡೇ ತಿಂಗಳ ಹಿಂದೆ, ಅಮೆರಿಕದಲ್ಲೂ ಇಂಥದ್ದೇ ಡ್ರಿಪ್ ಸುದ್ದಿಯಾಗಿತ್ತು. ಹೆಲೀನ್ ಚಂಡಮಾರುತದ ನೀರು ನಾರ್ತ್ ಕ್ಯಾರೊಲಿನಾದಲ್ಲಿರುವ ಬ್ಯಾಕ್ಸ್‌ಟರ್ ಕಂಪನಿಯ ಕಾರ್ಖಾನೆಗೆ ನುಗ್ಗಿತು. ಇಡೀ ದೇಶದ ಡ್ರಿಪ್ ದ್ರಾವಣದಲ್ಲಿ ಸುಮಾರು 60% ತಯಾರಾಗ್ತಿದ್ದದ್ದು ಆ ಒಂದೇ ಜಾಗದಲ್ಲಿ. ಅದು ನಿಂತಿದ್ದೇ ತಡ, ಆಸ್ಪತ್ರೆಗಳು ಆಪರೇಷನ್ ಮುಂದೂಡಬೇಕಾಯ್ತು.

ಒಂದು ಕಡೆ ಡ್ರಿಪ್ ಸಿಗಲಿಲ್ಲ, ಇನ್ನೊಂದು ಕಡೆ ಸಿಕ್ಕಿದ ಡ್ರಿಪ್ ನಂಬೋ ಹಾಗಿರಲಿಲ್ಲ. ಎರಡೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಜಗತ್ತು ಆರೋಗ್ಯಕ್ಕೆ ಇಷ್ಟೊಂದು ದುಡ್ಡು ಸುರೀತಿರುವಾಗ ಅತ್ಯಂತ ಸಾಮಾನ್ಯ ಔಷಧಿಯೇ ಯಾಕೆ ಕೈಕೊಡ್ತಿದೆ?

ದುಡ್ಡು ಎಷ್ಟು, ಹೋಗ್ತಿರೋದು ಎಲ್ಲಿಗೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನ ಒಟ್ಟು ಆರೋಗ್ಯ ವೆಚ್ಚ ಸುಮಾರು 9.8 ಲಕ್ಷ ಕೋಟಿ ಡಾಲರ್. ಅಂದ್ರೆ ಜಾಗತಿಕ ಜಿಡಿಪಿಯ ಹತ್ತನೇ ಒಂದು ಭಾಗ. ಆದರೆ ಬಂಡವಾಳ ಹೋಗೋದು ಲಾಭ ಹೆಚ್ಚಿರುವ ಕಡೆಗೆ, ಕಾಯಿಲೆ ಹೆಚ್ಚಿರುವ ಕಡೆಗಲ್ಲ.

ಇನ್ಸುಲಿನ್ ಉದಾಹರಣೆ ನೋಡಿ. ತೂಕ ಇಳಿಸುವ ಇಂಜೆಕ್ಷನ್‌ಗಳಿಗೆ ಜಗತ್ತಿನಾದ್ಯಂತ ಬೇಡಿಕೆ ಏರಿದ ಹೊತ್ತಲ್ಲೇ, ಅವುಗಳ ಪ್ರಮುಖ ತಯಾರಕ ನೊವೊ ನಾರ್ಡಿಸ್ಕ್ ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳಿಗೆ ಹ್ಯೂಮನ್ ಇನ್ಸುಲಿನ್ ಪೆನ್ ಪೂರೈಸುವ ಗುತ್ತಿಗೆಯನ್ನು ಮುಂದುವರಿಸಲಿಲ್ಲ. 2024ರಲ್ಲಿ ಅಲ್ಲಿನ ಸಕ್ಕರೆ ಕಾಯಿಲೆಯ ರೋಗಿಗಳು ಮತ್ತೆ ಬಾಟಲಿ–ಸಿರಿಂಜಿಗೆ ಮರಳಬೇಕಾಯ್ತು. ಉದ್ಯಮ ಕುಗ್ಗಿದ್ದಕ್ಕೆ ಹೀಗಾಗಿದ್ದಲ್ಲ, ಬೆಳೆದಿದ್ದಕ್ಕೆ ಆಗಿದ್ದು.

ಒಂದು ಮಾತ್ರೆಯ ಹಿಂದೆ ಏನೇನಿದೆ?

ನಿಮ್ಮ ಬೀದಿಯ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಅಮಾಕ್ಸಿಸಿಲಿನ್ ತಗೊಳ್ಳಿ. ಕ್ಯಾಪ್ಸೂಲ್ ಹಿಮಾಚಲದಲ್ಲೋ ಗುಜರಾತಿನಲ್ಲೋ ತಯಾರಾಗಿರಬಹುದು. ಆದರೆ ಅದರ ಮೂಲ ಪೆನಿಸಿಲಿನ್–ಜಿ. ಬೂಷ್ಟಿನಂಥ ಶಿಲೀಂಧ್ರವನ್ನು ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ಹುದುಗು ಬರಿಸಿ ಅದನ್ನು ತೆಗೀತಾರೆ. ಅದರಿಂದ 6–ಎಪಿಎ ಎಂಬ ಮಧ್ಯಂತರ ವಸ್ತು, ಅದರಿಂದ ಅಮಾಕ್ಸಿಸಿಲಿನ್ ಪುಡಿ. ಕಾಯಿಲೆ ವಾಸಿ ಮಾಡುವ ಅಸಲಿ ಅಂಶ ಈ ಪುಡಿಯಲ್ಲಿರುತ್ತೆ. ಇದನ್ನೇ ಎಪಿಐ ಅಥವಾ ಬಲ್ಕ್ ಡ್ರಗ್ ಅನ್ನೋದು. ಆಮೇಲೆ ಕ್ಯಾಪ್ಸೂಲ್, ಪ್ಯಾಕಿಂಗ್, ಗೋದಾಮು, ಸ್ಟಾಕಿಸ್ಟ್, ಅಂಗಡಿ.

ಭಾರತವನ್ನು 'ಜಗತ್ತಿನ ಔಷಧಾಲಯ' ಅಂತ ಹೊಗಳೋದು ಸರಪಳಿಯ ಕೊನೆಯ ಕೊಂಡಿಗಳನ್ನು ನೋಡಿ. ಮೊದಲ ಕೊಂಡಿಗಳನ್ನು ನೋಡಿದರೆ ಚಿತ್ರವೇ ಬೇರೆ. ನಾವು ಆಮದು ಮಾಡಿಕೊಳ್ಳುವ ಬಲ್ಕ್ ಡ್ರಗ್‌ಗಳಲ್ಲಿ ಸುಮಾರು ಮೂರನೇ ಎರಡು ಭಾಗ ಚೀನಾದಿಂದ ಬರುತ್ತೆ.

ಕೈಯಲ್ಲಿದ್ದದ್ದನ್ನು ಬಿಟ್ಟುಕೊಟ್ಟಿದ್ದು ಹೇಗೆ?

ಮೊದಲಿನಿಂದಲೂ ಹೀಗಿರಲಿಲ್ಲ. 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನೊಂದಿಗೆ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. 1961ರಲ್ಲಿ ಸೋವಿಯತ್ ಸಹಕಾರದಿಂದ ಐಡಿಪಿಎಲ್ ಬಂತು. ಹೃಷಿಕೇಶ ಮತ್ತು ಹೈದರಾಬಾದ್‌ನಲ್ಲಿ ಅದರ ಕಾರ್ಖಾನೆಗಳಿದ್ದವು. 1970ರ ಪೇಟೆಂಟ್ ಕಾಯ್ದೆ ಔಷಧಿಯ ಮೇಲಿನ ಪೇಟೆಂಟ್ ತೆಗೆದು, ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಉಳಿಸಿತು. ಇವತ್ತಿನ ಖಾಸಗಿ ಔಷಧಿ ಕಂಪನಿಗಳು ಬೆಳೆದಿದ್ದು ಈ ನೆಲದ ಮೇಲೆ.

ತೊಂಬತ್ತರ ದಶಕದಲ್ಲಿ ಆಮದು ಸಲೀಸಾಯ್ತು. ಹುದುಗು ಬರಿಸುವ ಉದ್ಯಮಕ್ಕೆ ಅಗ್ಗದ ಕರೆಂಟು, ಹಬೆ ಮತ್ತು ಭಾರೀ ಗಾತ್ರ ಬೇಕು. ಚೀನಾ ಸರ್ಕಾರ ಅದನ್ನೆಲ್ಲ ಒದಗಿಸಿತು. ಅಲ್ಲಿಂದ ತರಿಸಿಕೊಳ್ಳೋದೇ ಲಾಭ ಅಂತ ನಮ್ಮ ಕಂಪನಿಗಳು ಲೆಕ್ಕ ಹಾಕಿದವು, ಪೆನಿಸಿಲಿನ್–ಜಿ ತಯಾರಿಕೆ ಇಲ್ಲಿ ನಿಂತೇಹೋಯ್ತು. ಸಾರ್ವಜನಿಕ ವಲಯದ ಕಾರ್ಖಾನೆಗಳು ಸೊರಗಿದವು. ಐಡಿಪಿಎಲ್ ಮುಚ್ಚುವ ತೀರ್ಮಾನ ಕೇಂದ್ರ ಸಂಪುಟದಲ್ಲಿ ಆಗಿದ್ದು 2016ರ ಡಿಸೆಂಬರ್‌ನಲ್ಲಿ.

ಕೋವಿಡ್ ಕೊಟ್ಟ ಪೆಟ್ಟು

2020ರಲ್ಲಿ ಚೀನಾದ ಕಾರ್ಖಾನೆಗಳು ಬಾಗಿಲು ಹಾಕಿದಾಗ ಇಲ್ಲಿ ಗಾಬರಿ ಶುರುವಾಯ್ತು. ಮಾರ್ಚ್ 3ರಂದು ಪ್ಯಾರಾಸಿಟಮಾಲ್, ಮೆಟ್ರೊನಿಡಜೋಲ್ ಸೇರಿ 26 ಬಲ್ಕ್ ಡ್ರಗ್ ಮತ್ತು ಔಷಧಿಗಳ ರಫ್ತಿಗೆ ಭಾರತ ನಿರ್ಬಂಧ ಹೇರಿತು. ನಮಗೆ ಚೀನಾ ಹೇಗೋ, ಎಷ್ಟೋ ದೇಶಗಳಿಗೆ ನಾವು ಹಾಗೆ.

ಅದೇ ವರ್ಷ ಕೇಂದ್ರ ₹6,940 ಕೋಟಿಯ ಉತ್ಪಾದನಾ ಪ್ರೋತ್ಸಾಹಧನ ಯೋಜನೆ, ಅಂದ್ರೆ ಪಿಎಲ್‌ಐ ತಂತು. ಅದರಡಿ 2024ರಲ್ಲಿ ಆಂಧ್ರದ ಕಾಕಿನಾಡದಲ್ಲಿ ಪೆನಿಸಿಲಿನ್–ಜಿ ತಯಾರಿಕೆ ಮತ್ತೆ ಶುರುವಾಯ್ತು. ಒಳ್ಳೇದೇ. ಆದರೆ ಚೀನಾ ಬೆಲೆ ಇಳಿಸಿದರೆ ನಮ್ಮ ಕ್ಯಾಪ್ಸೂಲ್ ಕಂಪನಿಗಳು ಮತ್ತೆ ಅತ್ತಲೇ ತಿರುಗದಂತೆ ತಡೆಯೋದು ಯಾರು? ಸಹಾಯಧನ ಕಾರ್ಖಾನೆ ಕಟ್ಟಿಸಬಹುದು, ಗಿರಾಕಿಯನ್ನು ಕಟ್ಟಿಹಾಕಲಾರದು.

ಇನ್ನೊಂದು ಬೆಲೆಯೂ ಇದೆ. ಬಲ್ಕ್ ಡ್ರಗ್ ತಯಾರಿಕೆಯ ಜೊತೆ ತ್ಯಾಜ್ಯವೂ ಬರುತ್ತೆ. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗರು ಕೆಮಿಕಲ್ ಘಟಕಗಳ ದುರ್ನಾತದ ಬಗ್ಗೆ ದೂರುತ್ತಲೇ ಇದ್ದಾರೆ. ಸ್ವಾವಲಂಬನೆಯ ಹೊಗೆ ಯಾರ ಮನೆ ಮೇಲೆ ಹೋಗಬೇಕು ಅನ್ನೋದೂ ರಾಜಕೀಯ ಪ್ರಶ್ನೆಯೇ.

ಒಂದೇ ಕಾರ್ಖಾನೆ, ಒಂದೇ ಟೆಂಡರ್

ಗುಜರಾತಿನ ಸಾಣಂದ್‌ನಲ್ಲಿರುವ ಇಂಟಾಸ್ ಕಾರ್ಖಾನೆ ಅಮೆರಿಕಕ್ಕೆ ಬೇಕಾದ ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿಯ ಅರ್ಧದಷ್ಟನ್ನು ಪೂರೈಸ್ತಿತ್ತು. 2022ರ ಕೊನೆಯಲ್ಲಿ ಅಮೆರಿಕದ ಎಫ್‌ಡಿಎ ತಪಾಸಣೆಯಲ್ಲಿ ಗಂಭೀರ ಲೋಪಗಳು ಸಿಕ್ಕವು, ತಯಾರಿಕೆ ನಿಂತಿತು. 2023ರಲ್ಲಿ ಅಮೆರಿಕದ ವೈದ್ಯರು ಯಾವ ರೋಗಿಗೆ ಮೊದಲು ಕೊಡೋದು ಅಂತ ಯೋಚಿಸುವ ಸ್ಥಿತಿ ಬಂತು. ಹಳೆಯ ಔಷಧಿ, ಲಾಭ ತೀರಾ ಕಡಿಮೆ. ತಯಾರಿಸುವವರು ಒಬ್ಬೊಬ್ಬರೇ ಕಳಚಿಕೊಂಡು ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದರು.

ನಮ್ಮಲ್ಲಿ ಇದೇ ಒತ್ತಡ ಟೆಂಡರ್ ರೂಪದಲ್ಲಿದೆ. ಕಡಿಮೆ ಬೆಲೆ ಕೂಗಿದವರಿಗೆ ಗುತ್ತಿಗೆ. ಬಳ್ಳಾರಿ ಪ್ರಕರಣದಲ್ಲಿ ಪೂರೈಕೆದಾರ ಕಂಪನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಲ್ಯಾಬ್ ಕಳಪೆ ಅಂದಿತ್ತು, ಕೇಂದ್ರದ ಲ್ಯಾಬ್ ಸರಿ ಇದೆ ಅಂದಿತ್ತು. ಆ ಜಗ್ಗಾಟದ ನಡುವೆ ಬಾಟಲಿಗಳು ವಾರ್ಡ್ ತಲುಪಿದ್ದವು. ಸಾವುಗಳಾದ ಮೇಲೆ ಕಂಪನಿ ಕಪ್ಪುಪಟ್ಟಿ ಸೇರಿತು, ಔಷಧ ನಿಯಂತ್ರಕರು ಅಮಾನತಾದರು.

ಸರಪಳಿ ಅಂದ್ರೆ ವಿದೇಶವೇ ಆಗಬೇಕಿಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗೀತು. ಸಿಲಿಂಡರ್ ಬರಬೇಕಿದ್ದದ್ದು ಪಕ್ಕದ ಮೈಸೂರಿನಿಂದ. ಒಂದು ದಿನದಲ್ಲಿ ಸತ್ತವರು 24 ಮಂದಿ ಅಂತ ಮೊದಲ ಸರ್ಕಾರಿ ಲೆಕ್ಕವೇ ಹೇಳಿತು.

ಹಾಗಾದ್ರೆ ದಾರಿ ಏನು?

ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ. ತಮಿಳುನಾಡು 1994ರಲ್ಲಿ ಔಷಧಿ ಖರೀದಿಗೆಂದೇ ನಿಗಮ ಮಾಡಿತು. ಬಂದ ಪ್ರತಿ ಬ್ಯಾಚಿನ ಮಾದರಿಯಿಂದ ಕಂಪನಿಯ ಹೆಸರು ತೆಗೆದು ಲ್ಯಾಬ್‌ಗೆ ಕಳಿಸ್ತಾರೆ. ಪಾಸಾದ ಮೇಲಷ್ಟೇ ಗೋದಾಮಿನಿಂದ ಹೊರಗೆ. ಆಸ್ಪತ್ರೆಗಳಿಗೆ ಪಾಸ್‌ಬುಕ್ ಇದೆ, ಬಜೆಟ್‌ನಲ್ಲಿ ತಮಗೆ ಬೇಕಾದ ಔಷಧಿಯನ್ನು ಎತ್ತಿಕೊಳ್ಳಬಹುದು.

ಕರ್ನಾಟಕಕ್ಕೂ ತನ್ನದೇ ಆಸ್ತಿ ಇದೆ. ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್, ಅಂದ್ರೆ ಕೆಎಪಿಎಲ್, 1981ರಲ್ಲಿ ಹುಟ್ಟಿದ್ದು. ಅದರಲ್ಲಿ ಕೇಂದ್ರದ ಜೊತೆ ರಾಜ್ಯದ ಪಾಲೂ ಇದೆ. ಅದನ್ನೂ ಕೇಂದ್ರ ಮಾರಾಟದ ಪಟ್ಟಿಗೆ ಸೇರಿಸಿತ್ತು. ಡ್ರಿಪ್, ಆಂಟಿಬಯಾಟಿಕ್‌ನಂಥ ಅಗತ್ಯ ಔಷಧಿಗಳಲ್ಲಿ ಒಂದು ಪಾಲನ್ನಾದರೂ ಸಾರ್ವಜನಿಕ ಕಾರ್ಖಾನೆಯಿಂದಲೇ ಕೊಳ್ಳೋದು, ಒಂದೇ ಕಂಪನಿಗೆ ಪೂರ್ತಿ ಟೆಂಡರ್ ಕೊಡದಿರೋದು, ಲ್ಯಾಬ್ ವರದಿಯನ್ನು ಎಲ್ಲರೂ ನೋಡುವಂತೆ ಆನ್‌ಲೈನ್‌ನಲ್ಲಿ ಹಾಕೋದು, ಇವು ಯಾವುವೂ ಆಗದ ಕೆಲಸಗಳಲ್ಲ.

ಭಾರತದ ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ಕೊಡೋದು 2021–22ರ ಅಧಿಕೃತ ಲೆಕ್ಕದಲ್ಲೇ 39.4%. ಅದರಲ್ಲಿ ದೊಡ್ಡ ಪಾಲು ಔಷಧಿಗೆ. ಹೊಸ ಸೂಪರ್ ಸ್ಪೆಷಾಲಿಟಿ ಕಟ್ಟಡದ ಉದ್ಘಾಟನೆಗೆ ನಾಯಕರು ಬಂದಾಗ ನಾವು ಕೇಳಬೇಕಾದ್ದು ಇಷ್ಟೇ: ಒಳಗೆ ಹಾಕುವ ಡ್ರಿಪ್ ಎಲ್ಲಿಂದ ಬರುತ್ತೆ, ಅದನ್ನ ಪರೀಕ್ಷೆ ಮಾಡಿದವರು ಯಾರು?