ಲಾಲಾಸ್ರಾವದ ಸಮಸ್ಯೆ: ಕ್ಲೋಜಪಿನ್ ಚರಿತ್ರೆಯ ಒಂದು ಅಧ್ಯಾಯ

ಔಷಧಗಳ ಚರಿತ್ರೆಯನ್ನು ಬರೆಯುವವರು ಅವು ಗುಣಪಡಿಸಿದವರನ್ನೂ ಅವುಗಳಿಂದ ಮಡಿದವರನ್ನೂ ಎಣಿಸುವುದು ವಾಡಿಕೆ. ರೋಗಿಯ ತಲೆದಿಂಬು ಒದ್ದೆಯಾದ ಸಂಗತಿ ಆ ಲೆಕ್ಕಕ್ಕೆ ಸೇರುವುದು ವಿರಳ. ಆದರೂ ಮನೋರೋಗದ ಔಷಧಗಳಿಂದುಂಟಾಗುವ ಅತಿಲಾಲಾಸ್ರಾವವು ಶಾಸ್ತ್ರದ ಒಂದು ಸರಳವಾದ ಊಹೆಯನ್ನು ಅಲುಗಿಸಿತೆಂಬುದು ವಿಚಾರಾರ್ಹವಾಗಿದೆ.

1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನನ್ನು ಚಿತ್ತವಿಕಾರಕ್ಕೆ ಪ್ರಯೋಗಿಸಿ, ಅದರ ಫಲವನ್ನು ಪ್ರಕಟಿಸಿದರು. ಈ ವರ್ಗದ ಔಷಧಗಳನ್ನು ಸೇವಿಸಿದ ಕೆಲವರಲ್ಲಿ ಕೈನಡುಕ, ಮೈಬಿಗಿತಗಳೊಡನೆ ಜೊಲ್ಲೂ ಕಾಣಿಸಿಕೊಂಡಿತು. ಇದಕ್ಕೆ ವಿವರಣೆ ಸುಲಭವಾಗಿತ್ತು. ಪಾರ್ಕಿನ್ಸನ್ ರೋಗದಲ್ಲಿರುವಂತೆ ನುಂಗುವ ಕ್ರಿಯೆ ಮಂದವಾಗಿ, ಸಹಜ ಪ್ರಮಾಣದ ಲಾಲೆಯೇ ಬಾಯಲ್ಲಿ ನಿಂತು ಹೊರಸೂಸುತ್ತಿತ್ತು.

1958ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಾಂಡರ್ ಸಂಸ್ಥೆಯಲ್ಲಿ ಸಿದ್ಧವಾದ ಕ್ಲೋಜಪಿನ್ ಈ ವಿವರಣೆಗೆ ಒಳಪಡಲಿಲ್ಲ. ನಡುಕ, ಬಿಗಿತಗಳು ಅದರಿಂದ ಉಂಟಾಗುವುದು ಅಪರೂಪ. ಮೇಲಾಗಿ ಅದು ಅಟ್ರೊಪಿನ್ನಿನಂತೆ ಅಸಿಟೈಲ್‌ಕೋಲಿನ್ನಿನ ಕಾರ್ಯವನ್ನು ತಡೆಯತಕ್ಕದ್ದು. ಆದುದರಿಂದ ಬಾಯಿ ಒಣಗಬೇಕಾಗಿತ್ತು. ನಡೆದದ್ದು ಇದಕ್ಕೆ ವಿಪರೀತ: ಹಲವರಲ್ಲಿ, ವಿಶೇಷವಾಗಿ ನಿದ್ರೆಯಲ್ಲಿ, ಲಾಲೆ ಧಾರಾಳವಾಗಿ ಹರಿಯಿತು.

1975ರಲ್ಲಿ ಫಿನ್ಲೆಂಡಿನಲ್ಲಿ ಈ ಔಷಧವನ್ನು ಸೇವಿಸಿದ ಕೆಲವರು ರಕ್ತದ ಬಿಳಿಯ ಕಣಗಳು ಕ್ಷೀಣಿಸಿ ಮೃತರಾದರು. ಅನೇಕ ದೇಶಗಳಲ್ಲಿ ಅದರ ಬಳಕೆ ಕುಗ್ಗಿತು. 1988ರಲ್ಲಿ ಕೇನ್ ಮತ್ತು ಅವರ ಸಹೋದ್ಯೋಗಿಗಳು, ಇತರ ಔಷಧಗಳಿಗೆ ಬಗ್ಗದ 268 ಮಂದಿ ರೋಗಿಗಳ ಮೇಲೆ ನಡೆಸಿದ ಆರು ವಾರಗಳ ಪರೀಕ್ಷೆಯನ್ನು ಪ್ರಕಟಿಸಿದರು. ಕ್ಲೋಜಪಿನ್ ಪಡೆದವರಲ್ಲಿ ಶೇಕಡ 30 ಮಂದಿಯೂ, ಕ್ಲೋರ್‌ಪ್ರೊಮಜೀನ್ ಪಡೆದವರಲ್ಲಿ ಶೇಕಡ 4 ಮಂದಿಯೂ ಸುಧಾರಿಸಿದ್ದರು. ಮರುವರ್ಷ ಅಮೆರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ರಕ್ತಪರೀಕ್ಷೆಯ ಕಟ್ಟಳೆಯೊಡನೆ ಅದಕ್ಕೆ ಅನುಮತಿ ದೊರೆಯಿತು. ಹೀಗೆ ಔಷಧ ಮರಳಿತು. ಅದರೊಡನೆ ಜೊಲ್ಲೂ ಮರಳಿತು.

ಅಸಿಟೈಲ್‌ಕೋಲಿನ್ನಿನ ಗ್ರಾಹಕಗಳು ಏಕರೂಪದವಲ್ಲವೆಂಬುದು ಈ ಒಗಟನ್ನು ಸ್ವಲ್ಪಮಟ್ಟಿಗೆ ಬಿಡಿಸಿತು. ಕ್ಲೋಜಪಿನ್ ಅವುಗಳಲ್ಲಿ ಕೆಲವನ್ನು ತಡೆದು, ಎಂ4 ಎಂಬುದನ್ನು ಪ್ರಚೋದಿಸುವುದೆಂದು 1994ರಲ್ಲಿ ವರದಿಯಾಯಿತು. ನುಂಗುವ ಕ್ರಿಯೆಯ ದೋಷವೂ ಇದರೊಡನೆ ಸೇರಿರಬಹುದು. ಯಾವುದೊಂದೂ ಏಕೈಕ ಕಾರಣವೆಂದು ನಿರ್ಣಯವಾಗಿಲ್ಲ.

ಈ ಚರ್ಚೆ ಕೇವಲ ಪಾಂಡಿತ್ಯದ್ದಲ್ಲ. ನಿದ್ರೆಯಲ್ಲಿ ಲಾಲೆ ಶ್ವಾಸನಾಳವನ್ನು ಸೇರಿದರೆ ನ್ಯುಮೋನಿಯ ಉಂಟಾಗಬಹುದು. ಲಾಲೆಯನ್ನು ಒಣಗಿಸಲು ಕೊಡುವ ಗುಳಿಗೆಗಳು, ಕ್ಲೋಜಪಿನ್ನಿನಿಂದಲೇ ಉಂಟಾಗುವ ಮಲಬದ್ಧತೆಯನ್ನು ಪ್ರಾಣಾಪಾಯದವರೆಗೆ ಹೆಚ್ಚಿಸಬಲ್ಲವು. ಇವೆಲ್ಲಕ್ಕೂ ಮಿಗಿಲಾದುದು ಲಜ್ಜೆ. ಬುದ್ಧಿ ತಿಳಿಯಾಗಿ ಮತ್ತೆ ನಾಲ್ವರ ನಡುವೆ ಕುಳಿತುಕೊಳ್ಳಬಲ್ಲವನಾದ ಮನುಷ್ಯನು, ಬಾಯೊರಸಿಕೊಳ್ಳುವ ನಾಚಿಕೆಯಿಂದ ಆ ಔಷಧವನ್ನೇ ತ್ಯಜಿಸಬಹುದು. ತ್ಯಜಿಸಿದರೆ ರೋಗ ಮರುಕಳಿಸಬಹುದು. ಆದಕಾರಣ ಔಷಧದ ಚರಿತ್ರೆಯಲ್ಲಿ ತಲೆದಿಂಬಿನ ಸಾಕ್ಷ್ಯಕ್ಕೂ ಸ್ಥಾನವಿರತಕ್ಕದ್ದು.