ಕಿಟಕಿ ಮುಚ್ಚಿಕೊಂಡ ವಿಮಾನಗಳು

ಏರ್‌ಪೋರ್ಟಿನ ದೂರದ ಮೂಲೆಯಲ್ಲಿ ಕಿಟಕಿಯೇ ಇಲ್ಲದ ವಿಮಾನ ನಿಂತಿರೋದನ್ನ ನೀವೂ ನೋಡಿರ್ತೀರಿ. ಸ್ವಲ್ಪ ಹತ್ತಿರದಿಂದ ನೋಡಿದರೆ ಕೆಲವದರ ಮೈಮೇಲೆ ಕಿಟಕಿ ಇದ್ದ ಜಾಗ ಸಾಲಾಗಿ ಕಾಣುತ್ತೆ, ಅಲ್ಲಿಗೆ ಲೋಹದ ಮುಚ್ಚಳ ಬಡಿದಿರ್ತಾರೆ. ಅಂದ್ರೆ ಒಂದು ಕಾಲದಲ್ಲಿ ಅಲ್ಲಿ ಜನ ಕೂತು ಮೋಡ ನೋಡ್ತಿದ್ರು. ನಮ್ಮೂರ ಕಡೆ ಟೆಂಪೋಗೆ ವಯಸ್ಸಾದ ಮೇಲೆ ಸೀಟು ಕಿತ್ತು ಸಂತೆಗೆ ಟೊಮೆಟೊ ಹೊರೋಕೆ ಬಿಡ್ತಾರಲ್ಲ, ಹಾಗೇ.

ಇದೇನು ಹೊಸದಲ್ಲ. ಇವತ್ತಿನ ಫೆಡೆಕ್ಸ್ ಕಂಪನಿ ಶುರುವಾಗಿದ್ದೇ ಹೀಗೆ. 1973ರ ಏಪ್ರಿಲ್‌ನಲ್ಲಿ ಮೆಂಫಿಸ್‌ನಿಂದ 14 ವಿಮಾನಗಳಲ್ಲಿ ಮೊದಲ ರಾತ್ರಿ ಅವರು ಸಾಗಿಸಿದ್ದು 186 ಪೊಟ್ಟಣ. ಅವು ಸಾಹುಕಾರರು ಓಡಾಡೋ ಫಾಲ್ಕನ್ 20 ಜೆಟ್‌ಗಳು, ಪಕ್ಕದಲ್ಲಿ ದೊಡ್ಡ ಬಾಗಿಲು ಕೊರೆದು ಸರಕಿಗೆ ಒಗ್ಗಿಸಿದ್ದವು. ದೊಡ್ಡ ವಿಮಾನ ಹಾರಿಸೋಕೆ ಆಗಿನ ಸರ್ಕಾರಿ ನಿಯಮ ಬಿಡ್ತಿರಲಿಲ್ಲ. 1977ರಲ್ಲಿ ಅಮೆರಿಕ ಆ ಕಟ್ಟು ಸಡಿಲಿಸಿತು, ಕಂಪನಿ ಹಳೇ ಬೋಯಿಂಗ್ 727ಗಳನ್ನ ಕೊಳ್ಳೋಕೆ ಹೊರಟಿತು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಎಂಡಿ-11ರದ್ದು. ಮೆಕ್‌ಡೊನೆಲ್ ಡಗ್ಲಸ್ ಕಂಪನಿ ತನ್ನ ಡಿಸಿ-10 ವಿಮಾನವನ್ನೇ ಉದ್ದ ಮಾಡಿ, ಹೊಸ ಎಂಜಿನ್ ಹಾಕಿ ಕಟ್ಟಿದ್ದು ಇದು. ರೆಕ್ಕೆಗೊಂದೊಂದು ಎಂಜಿನ್, ಬಾಲದಲ್ಲಿ ಮೂರನೆಯದು. 1990ರ ಜನವರಿಯಲ್ಲಿ ಮೊದಲ ಸಲ ಹಾರಿತು, ಅದೇ ವರ್ಷದ ಕೊನೆಗೆ ಫಿನ್ಲೆಂಡಿನ ಫಿನ್‌ಏರ್ ಕೈ ಸೇರಿತು. ಸುಮಾರು 13,000 ಕಿ.ಮೀ. ಹೋಗುತ್ತೆ ಅಂತ ಮಾತು ಕೊಟ್ಟಿದ್ರು. ಹಾರಿಸಿ ನೋಡಿದರೆ ಇಂಧನ ಜಾಸ್ತಿ ಕುಡೀತು, ದೂರ ಕಡಿಮೆ ಬಂತು. ಸಿಂಗಪುರ್ ಏರ್‌ಲೈನ್ಸ್ 1991ರಲ್ಲಿ 20 ವಿಮಾನಗಳ ಆರ್ಡರ್ ರದ್ದು ಮಾಡಿ ಏರ್‌ಬಸ್ ಎ340 ಕಡೆ ಹೋಯ್ತು. ಕಂಪನಿ ವರ್ಷಗಟ್ಟಲೆ ತಿದ್ದಿ ತಿದ್ದಿ ಹೇಳಿದ ದೂರಕ್ಕೆ ಹತ್ತಿರ ತಂದಿತು. ಅಷ್ಟೊತ್ತಿಗೆ 1995 ಬಂದಿತ್ತು, ಎರಡೇ ಎಂಜಿನ್‌ನ ಬೋಯಿಂಗ್ 777 ಬಂದಿತ್ತು. ಎರಡು ಸಾಕಾಗುವಾಗ ಮೂರು ಎಂಜಿನ್ ಯಾರಿಗೆ ಬೇಕು? ಅಮೆರಿಕನ್ ಏರ್‌ಲೈನ್ಸ್ ತನ್ನ 19 ಎಂಡಿ-11ಗಳನ್ನೂ ಫೆಡೆಕ್ಸ್‌ಗೆ ಮಾರಿಬಿಡೋಕೆ ಒಪ್ಪಿತು. 2001ರ ಹೊತ್ತಿಗೆ ಒಟ್ಟು 200 ವಿಮಾನ ಕಟ್ಟಿ ನಿಲ್ಲಿಸಿದರು.

ಜನರ ವಿಮಾನವಾಗಿ ಸೋತದ್ದು ಸರಕಿಗೆ ಹೇಗೆ ಗೆದ್ದಿತು ಅಂದರೆ, ಇಲ್ಲಿ ಲೆಕ್ಕಾಚಾರವೇ ಬೇರೆ. ಪ್ಯಾಸೆಂಜರ್ ವಿಮಾನ ದಿನಕ್ಕೆ ಹತ್ತು ಹನ್ನೆರಡು ಗಂಟೆ ಗಾಳಿಯಲ್ಲೇ ಇರಬೇಕು, ಇಂಧನದ ಪ್ರತಿ ಲೀಟರೂ ಕಾಡುತ್ತೆ. ಕೊರಿಯರ್ ವಿಮಾನ ರಾತ್ರಿ ಹಾರಿ ಹಗಲು ನಿಂತಿರುತ್ತೆ. ಹಾಗೆ ಸುಮ್ಮನೆ ನಿಲ್ಲೋ ವಿಮಾನಕ್ಕೆ ಹೊಸದರ ಸಾಲ ಕಟ್ಟೋದಕ್ಕಿಂತ ಹಳೆಯದನ್ನ ಅಗ್ಗಕ್ಕೆ ತಂದು ಇಂಧನಕ್ಕೆ ಸ್ವಲ್ಪ ಹೆಚ್ಚು ಸುರಿಯೋದೇ ಲಾಭ. ಮೂರನೇ ಎಂಜಿನ್ ಇಲ್ಲಿ ತೂಕ ಎತ್ತೋಕೆ ನೆರವಾಯ್ತು. ಮೇಲಿನ ಅಂತಸ್ತಿನಲ್ಲೇ 26 ಪ್ಯಾಲೆಟ್, ಒಟ್ಟು ಸುಮಾರು 90 ಟನ್ ಹೊರುತ್ತೆ.

ಮಾರ್ಪಾಡು ಅಂದ್ರೆ ಸೀಟು ಕೀಳೋದಷ್ಟೇ ಅಲ್ಲ. ಸೀಟು, ಶೌಚಾಲಯ, ಅಡುಗೆ ಕಟ್ಟೆ ಎಲ್ಲ ಹೊರಗೆ ಹೋದ ಮೇಲೆ ಎಡಗಡೆ ಮುಂಭಾಗದಲ್ಲಿ ಮೈಯನ್ನೇ ಕತ್ತರಿಸಿ ದೊಡ್ಡ ಬಾಗಿಲು ಕೂರಿಸಬೇಕು. ವಿಮಾನದ ಮೈ ಗಾಳಿ ಒತ್ತಡ ತುಂಬಿದ ಸಿಲಿಂಡರ್ ಇದ್ದಂತೆ. ಅದರಲ್ಲಿ ಅಷ್ಟಗಲ ತೂತು ಮಾಡಿದರೆ ಸುತ್ತ ಹೊಸ ಚೌಕಟ್ಟು ಕಟ್ಟಲೇಬೇಕು. ನೆಲದ ತೊಲೆ ಬಲಪಡಿಸಬೇಕು, ಮೇಲೆ ಪೆಟ್ಟಿಗೆ ಜಾರೋ ರೋಲರ್ ಹಾಕಬೇಕು. ಪೈಲಟ್‌ಗಳ ಬೆನ್ನ ಹಿಂದೆ ಗಟ್ಟಿ ತಡೆ ಬೇಕು, ಜೋರಾಗಿ ನಿಂತಾಗ ಸರಕೆಲ್ಲ ಅವರ ಮೇಲೆ ಬರಬಾರದಲ್ಲ. ಫೆಡೆಕ್ಸ್ ಅಂತೂ ಹಳೇ ಡಿಸಿ-10ಗಳಿಗೆ ಎಂಡಿ-11ರ ಥರದ ಕಾಕ್‌ಪಿಟ್ ಕೂರಿಸಿ ಎಂಡಿ-10 ಅಂತ ಹೆಸರಿಟ್ಟಿತು. ಮೂವರ ಕೆಲಸ ಇಬ್ಬರಿಗೆ ಬಂತು, ಫ್ಲೈಟ್ ಎಂಜಿನಿಯರ್ ಕುರ್ಚಿ ಹೋಯ್ತು. ಹಳೇ ಕೋಡಿಗೆ ಹೊಸ ಸ್ಕ್ರೀನ್ ಹಚ್ಚಿ ಬದುಕೋ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ!

ಜನರನ್ನ ಹೊತ್ತ ಕೊನೆಯ ಎಂಡಿ-11 ಮಾಮೂಲಿ ಸರ್ವೀಸ್ ಮುಗಿಸಿದ್ದು 2014ರ ಅಕ್ಟೋಬರ್‌ನಲ್ಲಿ, ಅದು ಕೆಎಲ್‌ಎಂ ಕಂಪನಿಯದು. ಸರಕಿನವು ಆಮೇಲೂ ಹಾರ್ತಾನೇ ಇದ್ದವು.

ಕಾಕ್‌ಪಿಟ್ ಬದಲಿಸಬಹುದು, ಲೋಹದ ವಯಸ್ಸು ಬದಲಿಸೋಕಾಗಲ್ಲ. 2025ರ ನವೆಂಬರ್ 4ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಯುಪಿಎಸ್ ಕಂಪನಿಯ ಎಂಡಿ-11 ಹೊನೊಲುಲುಗೆ ಹೊರಟು ನೆಲ ಬಿಡ್ತಿದ್ದಂತೆ ಎಡ ಎಂಜಿನ್, ಅದನ್ನ ರೆಕ್ಕೆಗೆ ಹಿಡಿದಿದ್ದ ಪೈಲಾನ್ ಸಮೇತ ಕಳಚಿಕೊಂಡಿತು. ಮೂವರು ಸಿಬ್ಬಂದಿ ಸತ್ತರು, ನೆಲದ ಮೇಲೆ ತಮ್ಮ ಪಾಡಿಗೆ ಕೆಲಸದಲ್ಲಿದ್ದವರೂ ಸತ್ತರು. 1991ರಲ್ಲಿ ಥಾಯ್ ಏರ್‌ವೇಸ್ ಸೇರಿ ಜನರನ್ನ ಹೊತ್ತು ಆಮೇಲೆ ಸರಕಿಗೆ ಬದಲಾಗಿದ್ದ ವಿಮಾನ ಅದು. ಸುಮಾರು 93,000 ಗಂಟೆ ಹಾರಿತ್ತು. 1979ರ ಮೇ ತಿಂಗಳಲ್ಲಿ ಷಿಕಾಗೋದಲ್ಲಿ ಡಿಸಿ-10ರ ಎಡ ಎಂಜಿನ್ ಕೂಡ ಹೀಗೇ ಕಳಚಿ 273 ಜನ ಸತ್ತಿದ್ದರು. ಅಲ್ಲಿ ಕಾರಣ ರಿಪೇರಿಯದ್ದು: ಎಂಜಿನ್ ಮತ್ತು ಪೈಲಾನ್ ಒಟ್ಟಿಗೇ ಫೋರ್ಕ್‌ಲಿಫ್ಟಿನಲ್ಲಿ ಇಳಿಸಿ ಏರಿಸುವಾಗ ಬಿರುಕು ಬಿದ್ದಿತ್ತು.

ಲೂಯಿವಿಲ್‌ನಲ್ಲಿ ತನಿಖೆಯವರಿಗೆ ಕಂಡದ್ದು ಪೈಲಾನಿನ ಹಿಂಬದಿ ಹಿಡಿಕೆಯಲ್ಲಿ ಲೋಹ ದಣಿದು ಬಿಟ್ಟ ಬಿರುಕು. ಆ ಭಾಗದ ವಿಶೇಷ ತಪಾಸಣೆ 29,200 ಹಾರಾಟಕ್ಕೆ ಬರಬೇಕಿತ್ತು. ವಿಮಾನ ಮುಗಿಸಿದ್ದು ಸುಮಾರು 21,000. ಪುಸ್ತಕದ ಪ್ರಕಾರ ಇನ್ನೂ ಟೈಮಿತ್ತು.

ಮೂರೇ ದಿನದಲ್ಲಿ ಯುಪಿಎಸ್, ಫೆಡೆಕ್ಸ್ ಎರಡೂ ತಮ್ಮ ಎಂಡಿ-11ಗಳನ್ನ ನಿಲ್ಲಿಸಿದವು. ಮರುದಿನ ಅಮೆರಿಕದ ವಿಮಾನಯಾನ ಇಲಾಖೆಯ ಆದೇಶ ಬಂತು. ಒಂದು ವಾರದೊಳಗೆ ಆ ಆದೇಶಕ್ಕೆ ಉಳಿದಿದ್ದ ಡಿಸಿ-10ಗಳನ್ನೂ ಸೇರಿಸಿದರು.