ತಂತ್ರಾಂಶ ರೂಟರಿನ ಚರಿತ್ರೆ: ಮಿನಿಕಂಪ್ಯೂಟರಿನಿಂದ ವರ್ಚುವಲ್ ಮಷೀನಿನವರೆಗೆ

ಒಂದು ಜಾಲದಿಂದ ಬಂದ ಪ್ಯಾಕೆಟ್ಟನ್ನು, ಅಂದರೆ ವಿಳಾಸ ಹೊತ್ತ ದತ್ತಾಂಶದ ತುಣುಕನ್ನು, ಪರಿಶೀಲಿಸಿ ಅದು ಮುಂದೆ ಯಾವ ಜಾಲಕ್ಕೆ ಹೋಗಬೇಕೆಂದು ನಿರ್ಧರಿಸಿ ಸಾಗಿಸುವ ಸಾಧನವನ್ನು ರೂಟರ್ ಎನ್ನುತ್ತಾರೆ. ಇಂದು ಮನೆ, ಕಚೇರಿಗಳಲ್ಲಿ ಕಾಣುವ ಪೆಟ್ಟಿಗೆಗಳಿಂದಾಗಿ ರೂಟರ್ ಎಂಬುದು ಒಂದು ಪ್ರತ್ಯೇಕ ಯಂತ್ರವೆಂಬ ಕಲ್ಪನೆ ಬೇರೂರಿದೆ. ಆದರೆ ಅದು ಮೊದಲು ಹುಟ್ಟಿದ್ದು ಸಾಮಾನ್ಯ ಬಳಕೆಯ ಕಂಪ್ಯೂಟರಿನಲ್ಲಿ ನಡೆಯುವ ತಂತ್ರಾಂಶವಾಗಿ. ಪೆಟ್ಟಿಗೆಯ ರೂಪ ಅದಕ್ಕೆ ನಂತರ ಬಂದದ್ದು. ಆದ್ದರಿಂದ ವರ್ಚುವಲ್ ಮಷೀನಿನೊಳಗೆ ರೂಟರ್ ನಡೆಸುವ ಇಂದಿನ ರೂಢಿಯನ್ನು ಹೊಸ ಆವಿಷ್ಕಾರ ಎನ್ನುವುದಕ್ಕಿಂತ ಹಳೆಯ ಸ್ವರೂಪಕ್ಕೆ ಮರಳುವಿಕೆ ಎಂದು ಗುರುತಿಸುವುದು ಹೆಚ್ಚು ಸರಿಯಾಗುತ್ತದೆ.

ಅಮೆರಿಕದ ಅರ್ಪಾನೆಟ್ ಜಾಲಕ್ಕಾಗಿ ಬಿಬಿಎನ್ ಸಂಸ್ಥೆ 1969ರಲ್ಲಿ ಒದಗಿಸಿದ 'ಇಂಪ್' ಯಂತ್ರಗಳು ರೂಟರಿನ ಪೂರ್ವಜರು. ಅವು ಹನಿವೆಲ್ ಡಿಡಿಪಿ-516 ಎಂಬ ಮಿನಿಕಂಪ್ಯೂಟರುಗಳೇ ಆಗಿದ್ದು, 16 ಬಿಟ್ಟಿನ ಸುಮಾರು 12 ಸಾವಿರ ಪದಗಳಷ್ಟು ಸ್ಮೃತಿಯೊಳಗೆ ಇಡೀ ಮಾರ್ಗನಿರ್ಣಯದ ಪ್ರೋಗ್ರಾಮನ್ನು ಅಡಗಿಸಬೇಕಾಗಿತ್ತು. 1986ರ ಎನ್‌ಎಸ್‌ಎಫ್‌ನೆಟ್ ಎಂಬ ಅಮೆರಿಕದ ಸಂಶೋಧನಾ ಜಾಲದ ಮೊದಲ ಬೆನ್ನೆಲುಬೂ ಇದೇ ಪರಂಪರೆಯದು: ಡೇವಿಡ್ ಮಿಲ್ಸ್ ರೂಪಿಸಿದ 'ಫಜ್‌ಬಾಲ್' ತಂತ್ರಾಂಶ ಪಿಡಿಪಿ-11 ವರ್ಗದ ಕಂಪ್ಯೂಟರುಗಳ ಮೇಲೆ ನಡೆಯುತ್ತ, ಸೆಕೆಂಡಿಗೆ 56 ಕಿಲೋಬಿಟ್ ಸಾಗಿಸುವ ತಂತಿಗಳ ನಡುವೆ ಪ್ಯಾಕೆಟ್ಟುಗಳನ್ನು ದಾಟಿಸುತ್ತಿತ್ತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಿನ್ನೆಲೆಯಿಂದ ಬಂದ ಲೆನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ 1984ರಲ್ಲಿ ಸಿಸ್ಕೊ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ರೂಟರ್ ಮಾರುಕಟ್ಟೆಯ ಸರಕಾಯಿತು. ಅಂತರ್ಜಾಲದ ದಟ್ಟಣೆ ಏರಿದಂತೆ ಸಾಮಾನ್ಯ ಪ್ರೊಸೆಸರಿಗೆ ಆ ಹೊರೆ ಹೊರಲಾಗದೆ, ಪ್ಯಾಕೆಟ್ ಸಾಗಿಸುವ ಕೆಲಸಕ್ಕೆಂದೇ ವಿಶೇಷ ಚಿಪ್ಪುಗಳು ಬಂದವು; ಜೂನಿಪರ್ ಸಂಸ್ಥೆ 1998ರಲ್ಲಿ ಹೊರತಂದ ಎಂ40 ಈ ಬಗೆಯ ವಿನ್ಯಾಸಕ್ಕೆ ಪ್ರಸಿದ್ಧ ಉದಾಹರಣೆ. ಗಮನಿಸಬೇಕಾದ ಸಂಗತಿಯೆಂದರೆ, ಆ ಯಂತ್ರದಲ್ಲಿಯೂ ಪ್ಯಾಕೆಟ್ ಸಾಗಿಸುವುದಷ್ಟೇ ಚಿಪ್ಪಿನ ಪಾಲಿಗಿತ್ತು. ಮಾರ್ಗ ನಿರ್ಣಯಿಸುವ ಹೊಣೆ ಫ್ರೀಬಿಎಸ್‌ಡಿ ಆಧಾರಿತ ಜೂನೋಸ್ ತಂತ್ರಾಂಶದ್ದೇ ಆಗಿತ್ತು.

ಇದಕ್ಕೆ ಸಮಾನಾಂತರವಾಗಿ ಮತ್ತೊಂದು ಚರಿತ್ರೆ ಬೆಳೆಯುತ್ತಿತ್ತು. ಒಂದೇ ಯಂತ್ರವನ್ನು ಹಲವು ಸ್ವತಂತ್ರ ಯಂತ್ರಗಳಂತೆ ತೋರಿಸುವ ವಿಧಾನವನ್ನು ಐಬಿಎಂ 1960ರ ದಶಕದಲ್ಲಿಯೇ ರೂಪಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಪ್ರಕಟಿಸಿತು. ಹೀಗೆ ತೋರುವ ಯಂತ್ರವೇ ವರ್ಚುವಲ್ ಮಷೀನ್; ಅದನ್ನು ನಿರ್ವಹಿಸುವ ತಂತ್ರಾಂಶ ಹೈಪರ್‌ವೈಸರ್. ಸಾಮಾನ್ಯ ಪಿಸಿಗಳ ಎಕ್ಸ್86 ಪ್ರೊಸೆಸರುಗಳು ಇದಕ್ಕೆ ಒಗ್ಗುವಂತೆ ರಚಿತವಾಗಿರಲಿಲ್ಲ. ವಿಎಂವೇರ್ 1999ರಲ್ಲಿ ಈ ತೊಡಕನ್ನು ತಂತ್ರಾಂಶದ ಜಾಣ್ಮೆಯಿಂದಲೇ ದಾಟಿತು; 2005ರಲ್ಲಿ ಇಂಟೆಲ್, ಮರುವರ್ಷ ಎಎಂಡಿ ತಮ್ಮ ಪ್ರೊಸೆಸರುಗಳಲ್ಲಿಯೇ ಅದಕ್ಕೆ ನೆರವು ಒದಗಿಸಿದವು; 2007ರಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ ಲಿನಕ್ಸ್ ಕರ್ನಲ್ಲಿನ, ಅಂದರೆ ಆ ಕಾರ್ಯಾಚರಣ ವ್ಯವಸ್ಥೆಯ ತಿರುಳಿನ, ಭಾಗವಾಯಿತು.

ಅಷ್ಟರಲ್ಲಿ ಮುಕ್ತ ತಂತ್ರಾಂಶದ ರೂಟರುಗಳೂ ಸಿದ್ಧವಾಗಿದ್ದವು. 1996ರಲ್ಲಿ ಕುನಿಹಿರೊ ಇಶಿಗುರೊ ಆರಂಭಿಸಿದ ಜೀಬ್ರಾ, ಮಾನುಯೆಲ್ ಕಾಸ್ಪರ್ ರಚಿಸಿದ ಮೊನೊವಾಲ್, ಅದರಿಂದ 2004ರಲ್ಲಿ ಕವಲೊಡೆದ ಪಿಎಫ್‌ಸೆನ್ಸ್, 2005ರಲ್ಲಿ ಹುಟ್ಟಿದ ವ್ಯಾಟ್ಟಾ ಇವುಗಳಲ್ಲಿ ಮುಖ್ಯವಾದವು; ವ್ಯಾಟ್ಟಾವನ್ನು ಆಧರಿಸಿದ ವೈಒಎಸ್ ನಂತರ 2013ರಲ್ಲಿ ಬಂತು. ಹಳೆಯ ಪಿಸಿಯೊಂದರ ಮೇಲೆ ನಡೆಯುತ್ತಿದ್ದ ಇಂತಹ ರೂಟರನ್ನು ವರ್ಚುವಲ್ ಮಷೀನಿಗೆ ಸಾಗಿಸುವುದಕ್ಕೆ ತಾತ್ವಿಕವಾದ ಯಾವ ಅಡ್ಡಿಯೂ ಇರಲಿಲ್ಲ. ಇದ್ದದ್ದು ವೇಗದ ಸಮಸ್ಯೆ.

ಆ ಸಮಸ್ಯೆಯ ಸ್ವರೂಪ ಒಂದು ಪ್ಯಾಕೆಟ್ಟಿನ ಹಾದಿಯನ್ನು ಅನುಸರಿಸಿದರೆ ತಿಳಿಯುತ್ತದೆ. ಭೌತಿಕ ನೆಟ್‌ವರ್ಕ್ ಕಾರ್ಡಿಗೆ ಬಂದ ಪ್ಯಾಕೆಟ್ ಮೊದಲು ಆತಿಥೇಯ ಯಂತ್ರದ, ಅಂದರೆ ವರ್ಚುವಲ್ ಮಷೀನನ್ನು ನಡೆಸುವ ಭೌತಿಕ ಕಂಪ್ಯೂಟರಿನ, ಕರ್ನಲ್ಲನ್ನೂ, ಬಳಿಕ ಅದರೊಳಗಿನ ವರ್ಚುವಲ್ ಸ್ವಿಚ್ಚನ್ನೂ ದಾಟಿ ಅತಿಥಿ ಯಂತ್ರದ, ಅಂದರೆ ವರ್ಚುವಲ್ ಮಷೀನಿನ, ಕೃತಕ ಕಾರ್ಡನ್ನು ತಲುಪುತ್ತದೆ. ಅಲ್ಲಿ ರೂಟರ್ ತಂತ್ರಾಂಶವು ಮಾರ್ಗಕೋಷ್ಟಕದಲ್ಲಿ ವಿಳಾಸಕ್ಕೆ ಅತಿ ದೀರ್ಘವಾಗಿ ಹೊಂದುವ ನಮೂದನ್ನು ಹುಡುಕಿ, ಪ್ಯಾಕೆಟ್ಟಿನ ಆಯುಷ್ಯದ ಎಣಿಕೆಯನ್ನು ಒಂದರಷ್ಟು ತಗ್ಗಿಸಿ, ಬಂದ ಹಾದಿಯಲ್ಲಿಯೇ ಅದನ್ನು ಹೊರಗೆ ಕಳುಹಿಸುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ವೇಗದ ಈಥರ್ನೆಟ್ಟಿನಲ್ಲಿ 64 ಬೈಟಿನ ಕಿರಿಯ ಚೌಕಟ್ಟುಗಳೇ ತುಂಬಿ ಬಂದರೆ ಅವುಗಳ ಸಂಖ್ಯೆ ಸೆಕೆಂಡಿಗೆ 1 ಕೋಟಿ 48 ಲಕ್ಷವನ್ನು ಮೀರುತ್ತದೆ, ಅಂದರೆ ಒಂದೊಂದಕ್ಕೂ ದೊರೆಯುವ ಕಾಲಾವಕಾಶ ಸುಮಾರು 67 ನ್ಯಾನೊಸೆಕೆಂಡ್ ಮಾತ್ರ. ಇಷ್ಟರೊಳಗೆ ಪದೇ ಪದೇ ನಕಲು ಮಾಡುವುದಾಗಲಿ, ಅತಿಥಿಯಿಂದ ಹೈಪರ್‌ವೈಸರಿಗೆ ನಿಯಂತ್ರಣ ಹಸ್ತಾಂತರಿಸುವುದಾಗಲಿ ಸಾಧ್ಯವಿಲ್ಲ.

ಇದಕ್ಕೆ ಪರಿಹಾರಗಳು ಒಂದೊಂದಾಗಿ ಬಂದವು. ರಸ್ಟಿ ರಸೆಲ್ ರೂಪಿಸಿದ ವರ್ಟ್‌ಐಒ, ಅತಿಥಿಯೂ ಆತಿಥೇಯವೂ ಹಂಚಿಕೊಂಡ ಸ್ಮೃತಿಯ ಮೂಲಕ ಪ್ಯಾಕೆಟ್ಟುಗಳನ್ನು ಗುಂಪಾಗಿ ವರ್ಗಾಯಿಸುವಂತೆ ಮಾಡಿತು. ಎಸ್‌ಆರ್-ಐಒವಿ ಒಂದೇ ಕಾರ್ಡನ್ನು ಹಲವು ಕಾರ್ಡುಗಳಂತೆ ವಿಭಜಿಸಿ ಅತಿಥಿಗಳಿಗೆ ನೇರವಾಗಿ ಒಪ್ಪಿಸಿತು. ಇಂಟೆಲ್‌ನಲ್ಲಿ ಹುಟ್ಟಿದ ಡಿಪಿಡಿಕೆ, ಕರ್ನಲ್ಲನ್ನು ಬದಿಗಿಟ್ಟು ಪ್ರೊಸೆಸರಿನ ಕೆಲವು ಕೋರುಗಳನ್ನು ಪ್ಯಾಕೆಟ್ಟುಗಳಿಗಾಗಿ ಸದಾ ಎದುರು ನೋಡುವಂತೆ ನಿಯೋಜಿಸಿತು. ಈ ಭರವಸೆಯ ಮೇಲೆಯೇ 2012ರ ಅಕ್ಟೋಬರಿನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಪ್ರಮುಖ ದೂರಸಂಪರ್ಕ ಸಂಸ್ಥೆಗಳು ಸೇರಿ, ಜಾಲದ ಕಾರ್ಯಗಳನ್ನು ವಿಶೇಷ ಪೆಟ್ಟಿಗೆಗಳಿಂದ ಸಾಮಾನ್ಯ ಸರ್ವರುಗಳಿಗೆ ವರ್ಗಾಯಿಸಬೇಕೆಂಬ ಶ್ವೇತಪತ್ರವನ್ನು ಪ್ರಕಟಿಸಿದವು. ಪೆಟ್ಟಿಗೆಯ ಯುಗವನ್ನು ಕಟ್ಟಿದ ಸಿಸ್ಕೊ, ಜೂನಿಪರ್ ಸಂಸ್ಥೆಗಳೂ ಕೆಲವೇ ವರ್ಷಗಳಲ್ಲಿ ತಮ್ಮ ರೂಟರುಗಳ ವರ್ಚುವಲ್ ರೂಪಗಳನ್ನು ಮಾರತೊಡಗಿದವು.

ಈ ಮರಳುವಿಕೆಯಿಂದ ರೂಟರಿನ ಸ್ಥಿತಿಯನ್ನು ಹಾಗೆಯೇ ದಾಖಲಿಸಿಟ್ಟು ಬೇಕಾದಾಗ ಹಿಂದಕ್ಕೆ ಪಡೆಯುವ, ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವ ಅನುಕೂಲ ದೊರೆತಿದೆ. ಜೊತೆಗೆ 'ಇಂಪ್' ಕಾಲದಲ್ಲಿಲ್ಲದ ಒಂದು ಅವಲಂಬನೆಯೂ ಸೇರಿಕೊಂಡಿದೆ. ಆತಿಥೇಯ ಯಂತ್ರ ನಿಂತರೆ ರೂಟರೂ ನಿಲ್ಲುತ್ತದೆ. ಆತಿಥೇಯವು ತನ್ನ ವಿಳಾಸವನ್ನು ಅದೇ ರೂಟರಿನಿಂದ ಪಡೆಯುವಂತಿದ್ದರೆ, ರೂಟರ್ ಕೆಟ್ಟಾಗ ಅದನ್ನು ಸರಿಪಡಿಸಲು ಆತಿಥೇಯವನ್ನು ಜಾಲದ ಮೂಲಕ ತಲುಪುವುದೇ ಕಷ್ಟವಾಗುತ್ತದೆ. ಆದ್ದರಿಂದ ಆತಿಥೇಯಕ್ಕೆ ಸ್ಥಿರ ವಿಳಾಸವನ್ನೂ, ರೂಟರನ್ನು ಅವಲಂಬಿಸದ ಪ್ರತ್ಯೇಕ ನಿರ್ವಹಣಾ ಮಾರ್ಗವನ್ನೂ ಮೊದಲೇ ಒದಗಿಸುವುದು ಅನಿವಾರ್ಯ. ಈ ಶಿಸ್ತು ಇರುವಲ್ಲಿ ವರ್ಚುವಲ್ ರೂಟರ್ ಪೆಟ್ಟಿಗೆಯಷ್ಟೇ ವಿಶ್ವಾಸಾರ್ಹ. ಅದಿಲ್ಲದಲ್ಲಿ ಪ್ರತ್ಯೇಕ ಪೆಟ್ಟಿಗೆಯೇ ಮೇಲು.